ಪಾಟಿ ಒರೆಸುವ ಮುನ್ನ

“ಸರ್, ಕಂಪ್ಯೂಟರ್ ಮತ್ತ ಹಟಾ ಹಿಡದದ್ರಿ!”

ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದ ನನ್ನನ್ನು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಕರೆದದ್ದು ಹೀಗೆ. ಸೇಡಂ ಸಮೀಪದ ಶಾಲೆಯೊಂದರ ಮಾತಿದು. ಹಳೆಯ ಕಂಪ್ಯೂಟರ್ ಒಂದರಲ್ಲಿ ಮಕ್ಕಳ ಆಂತರಿಕ ಅಂಕಗಳನ್ನು ತುಂಬಿಸುತ್ತಿದ್ದೆವು. ಅದರಲ್ಲಿ ಇದ್ದದ್ದು ಲಿನಕ್ಸ್. ಪರದೆಯ ಮೇಲೆ ‘ರೀಡ್ ಓನ್ಲಿ’ ಎಂಬ ಸೂಚನೆ. ಅಂದರೆ ಓದಬಹುದು, ಬರೆಯುವಂತಿಲ್ಲ. ಆ ವಾರದಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡು ಸಲ ಹೇಳಿದ್ದನ್ನೇ ಹೇಳಿದೆ: “ಬಂದ್ ಮಾಡಿ ಚಾಲೂ ಮಾಡವ್ವ, ಸರಿ ಹೋಗ್ತದ.” ಸರಿಯೂ ಹೋಯಿತು. ನಾನು ಘರ್ಷಣೆಗೆ ಮರಳಿದೆ.

ನಾಲ್ಕನೆಯ ಸಲ ಅದು ಚಾಲೂ ಆಗಲೇ ಇಲ್ಲ.

ಹಾರ್ಡ್ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಶಹಾಬಾದಿನ ಪರಿಚಯದ ಮೆಕ್ಯಾನಿಕ್ ಒಬ್ಬನ ಬಳಿ ಹೋದೆ. ಅವನು ಅದನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ, ಕಿವಿಗೊಟ್ಟು ಕೇಳಿ, ಓದಲು ಬಂದಷ್ಟನ್ನು ಎತ್ತಿಕೊಟ್ಟ. ಯಂತ್ರ ತಾನೇ ಬರೆದುಕೊಂಡಿದ್ದ ದಿನಚರಿಯ ಸಾಲುಗಳನ್ನು ತೋರಿಸಿ, “ಸರ್, ಇದು ಮೂರು ವಾರದಿಂದ ಒದರ್ಲಿಕ್ಕತ್ತದ್ರಿ. ನೀವು ಕೇಳಿಲ್ಲ, ಅಷ್ಟೇ” ಎಂದ. ಅರ್ಧದಷ್ಟು ಅಂಕಗಳು ನನ್ನ ಕಾಗದದ ರಿಜಿಸ್ಟರಿನಲ್ಲಿದ್ದವು. ಉಳಿದವುಗಳಿಗೆ ಮಕ್ಕಳು ತಮ್ಮ ಹಳೆಯ ಉತ್ತರಪತ್ರಿಕೆಗಳನ್ನು ಮನೆಯಿಂದ ಹುಡುಕಿ ತಂದರು. ಒಬ್ಬಳದು ಒಲೆ ಸೇರಿತ್ತು. ಪಾಪ, ಅವಳು ಇನ್ನೊಮ್ಮೆ ಪರೀಕ್ಷೆ ಬರೆಯಬೇಕಾಯಿತು. ತಪ್ಪು ನನ್ನದು, ಶಿಕ್ಷೆ ಅವಳದು.

ಅಂದು ನಾನು ‘ಹಟ’ ಎಂದು ಬೈದದ್ದು ಹಟವಾಗಿರಲಿಲ್ಲ. ಯಂತ್ರಕ್ಕೆ ಯಾರೋ ಕಷ್ಟಪಟ್ಟು ಕಲಿಸಿದ್ದ ಪ್ರಾಮಾಣಿಕತೆ ಅದು. ಆ ಪಾಠದ ಬಹುಮುಖ್ಯ ಭಾಗವನ್ನು ಅದು ಕಲಿತದ್ದು 2008ರಲ್ಲಿ. ಅಲ್ಲಿಯವರೆಗೆ ಏನಾಗುತ್ತಿತ್ತು? ವಿದ್ಯಾರ್ಥಿ ಮಿತ್ರರೇ, ಸ್ವಲ್ಪ ತಾಳ್ಮೆಯಿಂದ ನನ್ನೊಡನೆ ಬನ್ನಿ.

ಒಂದು ಕಡತ, ಐದಾರು ಕಡೆ ಬರಹ

‘ಸೇವ್’ ಒತ್ತಿದೊಡನೆ ಕಡತ ಡಿಸ್ಕಿನಲ್ಲಿ ಒಂದೇ ಏಟಿಗೆ ಕುಳಿತುಬಿಡುತ್ತದೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಹಾಗಲ್ಲ. ಡಿಸ್ಕು ಸಣ್ಣ ಸಣ್ಣ ಕೋಣೆಗಳ ದೊಡ್ಡ ಧರ್ಮಶಾಲೆಯಂತೆ. ಒಂದೊಂದು ಕೋಣೆಗೆ ಸಾಮಾನ್ಯವಾಗಿ 4096 ಬೈಟ್ ಹಿಡಿಯುತ್ತದೆ. ಯಾವ ಕೋಣೆಯಲ್ಲಿ ಯಾರಿದ್ದಾರೆ, ಯಾವುದು ಖಾಲಿ ಎಂಬ ಲೆಕ್ಕವನ್ನು ಇಡುವ ತಂತ್ರಾಂಶಕ್ಕೆ ಫೈಲ್ ಸಿಸ್ಟಂ, ಅಂದರೆ ಕಡತ ವ್ಯವಸ್ಥೆ ಎಂದು ಹೆಸರು. ಹೊಸ ಕಡತ ಬಂದಾಗ ಅದರ ಹೆಸರು ಒಂದು ಪಟ್ಟಿಯಲ್ಲಿ ಸೇರಬೇಕು. ಅದರ ಜಾತಕ (ಗಾತ್ರ, ಒಡೆಯ, ತಾರೀಖು, ಯಾವ ಯಾವ ಕೋಣೆ) ಇನ್ನೊಂದು ಕಡೆ ಬರೆಯಬೇಕು. ಖಾಲಿ ಕೋಣೆಗಳ ನಕ್ಷೆಯಲ್ಲಿ ಗುರುತು ಬದಲಾಗಬೇಕು. ಖಾಲಿ ಜಾತಕಗಳ ನಕ್ಷೆಯಲ್ಲಿಯೂ ಬದಲಾಗಬೇಕು. ಒಟ್ಟು ಉಳಿಕೆಯ ಸಂಖ್ಯೆ ತಿದ್ದಬೇಕು. ಇಷ್ಟಾದ ಮೇಲೆ ಅಸಲಿ ಬರಹ ಬೇರೆ.

ಈ ಐದಾರು ಬರಹಗಳ ನಡುವೆ ಕರೆಂಟು ಹೋದರೆ? ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಇದೆ, ಕೋಣೆ ಇಲ್ಲ ಎಂಬಂತಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಒಂದೇ ಕೋಣೆಯನ್ನು ಇಬ್ಬರಿಗೆ ಕೊಟ್ಟುಬಿಡಬಹುದು. ಹಿಂದೆಲ್ಲ ಹೀಗಾದಾಗ ಇಡೀ ಡಿಸ್ಕನ್ನು ಮೂಲೆ ಮೂಲೆ ತಡಕಿ ಲೆಕ್ಕ ಹೊಂದಿಸಬೇಕಾಗುತ್ತಿತ್ತು. ಡಿಸ್ಕುಗಳು ದೊಡ್ಡವಾದಂತೆ ಈ ತಪಾಸಣೆ ಗಂಟೆಗಟ್ಟಲೆ ಹಿಡಿಯತೊಡಗಿತು.

ಅಡತಿ ಅಂಗಡಿಯ ಉಪಾಯ

ಇದಕ್ಕೆ ಕಂಡುಕೊಂಡ ಉಪಾಯವನ್ನು ನಮ್ಮ ಭಾಗದ ಮಕ್ಕಳಿಗೆ ನಾನು ಅಡತಿ ಅಂಗಡಿಯ ಮೂಲಕ ಹೇಳುತ್ತೇನೆ. ತೊಗರಿ ಸುಗ್ಗಿಯಲ್ಲಿ ಅಡತಿ ಅಂಗಡಿಯ ಮುನೀಮನಿಗೆ ಉಸಿರಾಡಲು ಪುರಸೊತ್ತಿಲ್ಲ. ರೈತರ ಗಾಡಿಗಳು ಸಾಲುಗಟ್ಟಿವೆ, ಹಮಾಲರು ಚೀಲ ಇಳಿಸುತ್ತಿದ್ದಾರೆ. ಪ್ರತಿಯೊಬ್ಬ ರೈತನ ಖಾತೆಯ ಪುಟ ಹುಡುಕಿ ಬರೆಯುತ್ತ ಕೂರಲಾಗದು. ಅದಕ್ಕೆ ಅವನು ಪಕ್ಕದಲ್ಲಿ ಒಂದು ಪಾಟಿ, ಅಂದರೆ ಸ್ಲೇಟು, ಇಟ್ಟುಕೊಂಡಿದ್ದಾನೆ ಎಂದುಕೊಳ್ಳಿ. ಬಂದ ವ್ಯವಹಾರವನ್ನು ಮೊದಲು ಪಾಟಿಯ ಮೇಲೆ ಗೀಚುತ್ತಾನೆ. ಒಂದು ವ್ಯವಹಾರ ಪೂರ್ತಿಯಾದಾಗ ಅದರ ಕೆಳಗೆ ಗೆರೆ ಎಳೆಯುತ್ತಾನೆ. ಆಮೇಲೆ ಪುರಸೊತ್ತಾದಾಗ ಖಾತೆ ಪುಸ್ತಕಕ್ಕೆ ಏರಿಸಿ, ಪಾಟಿಯ ಆ ಭಾಗವನ್ನು ಒರೆಸುತ್ತಾನೆ. ಏಕೆಂದರೆ ಪಾಟಿ ಚಿಕ್ಕದು, ಮುಂದಿನವರಿಗೆ ಜಾಗ ಬೇಕು.

ನಡುವೆ ದೀಪ ಹೋಯಿತು, ಮುನೀಮ ಎದ್ದು ಹೋದ ಎನ್ನಿ. ಬಂದು ನೋಡಿದಾಗ ಗೆರೆ ಎಳೆಯದ ಬರಹವಿದ್ದರೆ ಅದು ಅಪೂರ್ಣ, ಅಳಿಸಿಬಿಡುತ್ತಾನೆ. ಗೆರೆ ಇದ್ದರೆ ಖಾತೆಗೆ ಏರಿಸುತ್ತಾನೆ. ಈಗಾಗಲೇ ಏರಿಸಿದ್ದನ್ನೇ ಮತ್ತೊಮ್ಮೆ ಏರಿಸಿದರೆ? ಅಡ್ಡಿಯಿಲ್ಲ. ಅವನು ಪಾಟಿಯ ಮೇಲೆ ಬರೆಯುವುದು ‘ಇಷ್ಟು ಕೂಡಿಸು’ ಎಂದಲ್ಲ, ‘ಹೊಸ ಬಾಕಿ ಇಷ್ಟು’ ಎಂದು. ಎರಡು ಸಲ ಬರೆದರೂ ಅಂಕಿ ಅದೇ. ಈ ಜಾಣತನವನ್ನು ಗಮನಿಸಿ, ಬಹಳ ಜನ ಇದನ್ನು ದಾಟಿಹೋಗುತ್ತಾರೆ.

ಕಂಪ್ಯೂಟರಿನಲ್ಲಿ ಈ ಪಾಟಿಗೆ ಜರ್ನಲ್ ಎಂದು ಹೆಸರು. ಗೆರೆ ಎಳೆಯುವುದು ‘ಕಮಿಟ್’, ಖಾತೆಗೆ ಏರಿಸುವುದು ‘ಚೆಕ್‌ಪಾಯಿಂಟ್’. ಐಬಿಎಂ 1990ರಲ್ಲಿ ತನ್ನ ಯಂತ್ರಗಳಿಗೆ ಇಂಥ ವ್ಯವಸ್ಥೆ ತಂದಿತು. ಮೈಕ್ರೋಸಾಫ್ಟಿನ ವಿಂಡೋಸ್ ಎನ್‌ಟಿಗೆ 1993ರಲ್ಲಿ ಬಂತು. ಲಿನಕ್ಸಿನ ಇಎಕ್ಸ್‌ಟಿ-2 ಕಡತ ವ್ಯವಸ್ಥೆಗೆ ಜರ್ನಲ್ ಜೋಡಿಸುವ ಬಗೆಯನ್ನು 1998ರಲ್ಲಿ ಸ್ಟೀಫನ್ ಟ್ವೀಡಿ ವಿವರಿಸಿದರು. ಅದೇ ಮುಂದೆ ಇಎಕ್ಸ್‌ಟಿ-3 ಆಗಿ 2001ರಲ್ಲಿ ಲಿನಕ್ಸಿನ ಮುಖ್ಯ ತಿರುಳನ್ನು ಸೇರಿತು. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಗೆರೆ ಎಳೆಯುವ ಏರ್ಪಾಡು. ಗಂಟೆಗಟ್ಟಲೆಯ ತಪಾಸಣೆ ಕೆಲವೇ ಸೆಕೆಂಡುಗಳಿಗೆ ಇಳಿಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಕರೆಂಟು ಹೋಗುವುದು ಬೇರೆ, ಜಾಗ ಕೆಡುವುದು ಬೇರೆ

ಇಲ್ಲಿಯೇ ಇರುವುದು ತೊಡಕು. ಪಾಟಿಯ ಉಪಾಯ ಮುನೀಮ ನಡುವೆ ಎದ್ದು ಹೋಗುವ ಕಷ್ಟಕ್ಕೆ ಮದ್ದು. ಖಾತೆ ಪುಸ್ತಕವೇ ಕೆಟ್ಟಿದ್ದರೆ? ಪುಟದ ಮೇಲೆ ಕುಸುಬೆ ಎಣ್ಣೆ ಚೆಲ್ಲಿದೆ, ಮಸಿ ಹತ್ತುವುದಿಲ್ಲ. ಮುನೀಮ ತಲೆ ಎತ್ತದೆ ಲೆಕ್ಕಣಿಕೆ ಆಡಿಸುತ್ತಾನೆ. ಅಕ್ಷರ ಮೂಡಿತೇ ಎಂದು ನೋಡುವುದಿಲ್ಲ. ‘ಏರಿಸಿದ್ದಾಯಿತು’ ಎಂದು ಪಾಟಿ ಒರೆಸುತ್ತಾನೆ. ಈಗ ಆ ರೈತನ ಹನ್ನೆರಡು ಚೀಲ ತೊಗರಿ ಪಾಟಿಯಲ್ಲೂ ಇಲ್ಲ, ಖಾತೆಯಲ್ಲೂ ಇಲ್ಲ. ಪಾಟಿ ಇಟ್ಟುಕೊಂಡಿದ್ದೂ ದಂಡ. ‘ನಮ್ಮಲ್ಲಿ ಪಾಟಿ ಇದೆ’ ಎಂಬ ಧೈರ್ಯದಿಂದ ಯಾರೂ ಪರೀಕ್ಷಿಸುವುದೂ ಇಲ್ಲ.

ಇಎಕ್ಸ್‌ಟಿ-3ರ ಮುನೀಮ 2008ರವರೆಗೆ ಮಾಡುತ್ತಿದ್ದದ್ದು ಇದನ್ನೇ! ಡಿಸ್ಕಿನ ತಟ್ಟೆಯ ಮೇಲೆ ಒಂದು ಜಾಗ ಕೆಟ್ಟಾಗ ಡಿಸ್ಕು ಸುಮ್ಮನಿರುವುದಿಲ್ಲ. ‘ಬರೆಯಲು ಆಗಲಿಲ್ಲ’ ಎಂದು ಉತ್ತರ ಕಳಿಸುತ್ತದೆ. ಆ ಉತ್ತರವನ್ನು ಜರ್ನಲ್ ನೋಡಿಕೊಳ್ಳುವ ತಂತ್ರಾಂಶ ನೋಡದೆ ಮುಂದುವರಿಯುತ್ತಿತ್ತು.

ಇದನ್ನು ಹೊರಗೆಳೆದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಂಡ್ರಿಯಾ ಮತ್ತು ರೆಮ್ಜಿ ಅರ್ಪಾಚಿ-ಡುಸೋ ಎಂಬ ಪ್ರಾಧ್ಯಾಪಕ ದಂಪತಿ ಹಾಗೂ ಅವರ ವಿದ್ಯಾರ್ಥಿಗಳು. ವಿಜಯನ್ ಪ್ರಭಾಕರನ್, ಲಕ್ಷ್ಮಿ ಬೈರವಸುಂದರಂ, ನಿತಿನ್ ಅಗರ್ವಾಲ್, ಹರ್ಯಾದಿ ಗುನಾವಿ ಆ ತಂಡದಲ್ಲಿದ್ದರು. 2005ರಲ್ಲಿ ಅವರು ಮಾಡಿದ ಪ್ರಯೋಗ ಸರಳವಾದರೂ ಚತುರವಾದದ್ದು. ಕಡತ ವ್ಯವಸ್ಥೆಗೂ ಡಿಸ್ಕಿಗೂ ನಡುವೆ ಒಂದು ಸುಳ್ಳಿನ ಪದರ ಇಟ್ಟರು. ಡಿಸ್ಕು ಚೆನ್ನಾಗಿಯೇ ಇದೆ, ಆದರೆ ಬೇಕೆಂದ ಕೋಣೆಗೆ ಬರೆಯಲು ಹೋದಾಗ ಈ ಪದರ ‘ಆಗಲಿಲ್ಲ’ ಎನ್ನುತ್ತದೆ. ನಾನು ವಿದ್ಯುನ್ಮಂಡಲದ ಪಾಠದಲ್ಲಿ ಬೇಕೆಂದೇ ಒಳಗೆ ತುಂಡಾದ ತಂತಿಯನ್ನು ಕೊಟ್ಟು ಮಕ್ಕಳು ಏನು ಮಾಡುತ್ತಾರೆಂದು ನೋಡುತ್ತೇನಲ್ಲ, ಹಾಗೆ. ಇಎಕ್ಸ್‌ಟಿ-3 ಬರಹದ ದೋಷಗಳನ್ನು ಬಹುಪಾಲು ಕೇಳಿಸಿಕೊಳ್ಳಲೇ ಇಲ್ಲ. ಪಾಟಿಯ ಮೇಲೆ ಬರೆಯುವುದೇ ವಿಫಲವಾದಾಗಲೂ ಕೆಳಗೆ ಗೆರೆ ಎಳೆದು ‘ಪೂರ್ತಿ’ ಎಂದು ಸಾರುತ್ತಿತ್ತು! ಅದೇ ಪರೀಕ್ಷೆಯಲ್ಲಿ ರೈಸರ್ ಎಫ್‌ಎಸ್ ಎಂಬ ಇನ್ನೊಂದು ವ್ಯವಸ್ಥೆ ಬರಹ ವಿಫಲವಾದೊಡನೆ ಹೆಚ್ಚುಕಡಿಮೆ ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. ಒರಟು ಸ್ವಭಾವ, ಆದರೆ ಸುಳ್ಳಿಲ್ಲ.

ಇದೇ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಲಿನಕ್ಸಿನ ಕಡತ ವ್ಯವಸ್ಥೆಗಳ ಬರಹವನ್ನು ಸಾಲು ಸಾಲಾಗಿ ಜಾಲಾಡಿತು. ದೋಷದ ಸುದ್ದಿಯನ್ನು ಕೈಬಿಟ್ಟ ಜಾಗಗಳು 1153, ಅಂದರೆ ಪರಿಶೀಲಿಸಿದ್ದರಲ್ಲಿ ಶೇಕಡ 13. ಬರೆದವರು ಸೋಮಾರಿಗಳೇ? ಅಲ್ಲ, ನಿಪುಣರು. ಆದರೆ ಸುದ್ದಿ ಡಿಸ್ಕಿನಿಂದ ಅದರ ಚಾಲಕ ತಂತ್ರಾಂಶಕ್ಕೆ, ಅಲ್ಲಿಂದ ಜರ್ನಲಿಗೆ, ಅಲ್ಲಿಂದ ಕಡತ ವ್ಯವಸ್ಥೆಗೆ, ಕೊನೆಗೆ ನಾವು ಬಳಸುವ ಕಾರ್ಯಕ್ರಮಕ್ಕೆ ಕೈಯಿಂದ ಕೈಗೆ ಬರಬೇಕು. ನಡುವೆ ಒಬ್ಬನು ಕೈಬಿಟ್ಟರೂ ಮುಂದಿನವರಿಗೆಲ್ಲ ‘ಎಲ್ಲ ಕ್ಷೇಮ’. ತಂದೆತಾಯಿಗಳಿಗೆ ಇದು ಚೆನ್ನಾಗಿ ಅರ್ಥವಾದೀತು. ಕಿರುಪರೀಕ್ಷೆಯ ಅಂಕಪಟ್ಟಿ ಶಾಲೆಯಿಂದ ಹೊರಡುತ್ತದೆ, ಮನೆಗೆ ಮುಟ್ಟುವುದಿಲ್ಲ. ಚೀಲದ ತಳದಲ್ಲಿ ಮಡಚಿಕೊಂಡು ಕುಳಿತಿರುತ್ತದೆ. ಹೆದರಿದ ಮಗು ಅಡಗಿಸುತ್ತದೆ. ಯಂತ್ರಕ್ಕೆ ಹೆದರಿಕೆ ಇಲ್ಲ, ಆದರೆ ಕೇಳುವವರಿಲ್ಲದಿದ್ದರೆ ಫಲ ಒಂದೇ.

ಹಿಟಾಚಿಯಿಂದ ಬಂದ ತಿದ್ದುಪಡಿ

2008ರಲ್ಲಿ ಜಪಾನಿನ ಹಿಟಾಚಿ ಸಂಸ್ಥೆಯ ಹಿದೆಹಿರೊ ಕವಾಯಿ ಎಂಬ ಎಂಜಿನಿಯರ್ ಈ ಮುನೀಮನನ್ನು ತಿದ್ದಲು ಕುಳಿತರು. ಅವರ ತಿದ್ದುಪಡಿಗಳು ದೊಡ್ಡ ಗಾತ್ರದವಲ್ಲ. ಮರ್ಮ ಅವು ಹಾಕಿದ ನಿಯಮಗಳಲ್ಲಿದೆ. ಖಾತೆಗೆ ಏರಿಸುವಾಗ ‘ಆಗಲಿಲ್ಲ’ ಎಂಬ ಉತ್ತರ ಬಂದರೆ ಪಾಟಿಯ ಆ ಬರಹವನ್ನು ಒರೆಸಕೂಡದು. ಪಾಟಿಯ ಆರಂಭ ಎಲ್ಲಿ ಎಂದು ತೋರಿಸುವ ಗುರುತನ್ನು ಮುಂದಕ್ಕೆ ಸರಿಸಕೂಡದು, ಸರಿಸಿದರೆ ಒರೆಸಿದಂತೆಯೇ. ಹೊಸ ವ್ಯವಹಾರ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು. ಇನ್ನು ಮಾಲೀಕನಿಗೆ, ಅಂದರೆ ಮೇಲಿರುವ ಕಡತ ವ್ಯವಸ್ಥೆಗೆ, ಸುದ್ದಿ ಮುಟ್ಟಿಸಬೇಕು. ಯಂತ್ರವನ್ನು ಮುಚ್ಚುವಾಗ ‘ಎಲ್ಲ ಸರಿಯಿದೆ’ ಎಂಬ ಮೊಹರು ಒತ್ತದೆ, ‘ದುರಸ್ತಿ ಬಾಕಿ ಇದೆ’ ಎಂಬ ಚೀಟಿಯನ್ನು ಹಾಗೆಯೇ ಬಿಡಬೇಕು. ಆಗ ಮುಂದಿನ ಸಲ ಯಂತ್ರ ಎದ್ದಾಗ ಪಾಟಿಯಿಂದ ಮತ್ತೆ ಏರಿಸುವ ಅವಕಾಶ ಉಳಿಯುತ್ತದೆ. ಪಾಟಿಯ ಮೇಲಿನ ಬರಹವೇ ವಿಫಲವಾದರೂ ಜರ್ನಲನ್ನು ಅಲ್ಲಿಗೇ ಕೈಬಿಡಬೇಕು.

ಈ ಬದಲಾವಣೆಗಳು ಇಎಕ್ಸ್‌ಟಿ-3ಕ್ಕೂ, ಆಗಷ್ಟೇ ಸಿದ್ಧವಾಗುತ್ತಿದ್ದ ಇಎಕ್ಸ್‌ಟಿ-4ಕ್ಕೂ ಸೇರಿದವು. ಇಎಕ್ಸ್‌ಟಿ-4ಕ್ಕೆ ದುಡಿದವರಲ್ಲಿ ಐಬಿಎಂನ ಅನೀಶ್ ಕುಮಾರ್ ಅವರಂಥ ಭಾರತೀಯ ಎಂಜಿನಿಯರರೂ ಇದ್ದರು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ. 2008ರ ಡಿಸೆಂಬರಿನಲ್ಲಿ ಅದು ಬಳಕೆಗೆ ಸಿದ್ಧ ಎಂದು ಹೊರಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ದತ್ತಸಂಚಯದವರು ಇನ್ನೊಂದು ಬಿರುಕು ಕಂಡರು. ‘ಬರೆದದ್ದು ಡಿಸ್ಕಿಗೆ ಮುಟ್ಟಿತೇ?’ ಎಂದು ಕೇಳಿದಾಗ ಲಿನಕ್ಸ್ ಒಮ್ಮೆ ‘ಇಲ್ಲ’ ಎನ್ನುತ್ತಿತ್ತು. ಮತ್ತೆ ಕೇಳಿದರೆ ‘ಹೌದು’ ಎನ್ನುತ್ತಿತ್ತು, ಬರಹ ಮುಟ್ಟದೇ ಇದ್ದರೂ! ಅಂದಿನಿಂದ ಪೋಸ್ಟ್‌ಗ್ರೆಸ್ ಮೊದಲ ‘ಇಲ್ಲ’ ಕೇಳಿದೊಡನೆ ಕೆಲಸ ನಿಲ್ಲಿಸಿ, ತನ್ನದೇ ಪಾಟಿಯಿಂದ ಮೊದಲಿನಿಂದ ಏರಿಸಿಕೊಳ್ಳುತ್ತದೆ.

ವಾಡಿಯ ಕೈಮರ

“ಒಂದು ಕೋಣೆ ಕೆಟ್ಟದ್ದಕ್ಕೆ ಇಡೀ ಧರ್ಮಶಾಲೆಗೆ ಬೀಗವೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಎಕ್ಸ್‌ಟಿ ಬಳಗದಲ್ಲಿ ಸಾಮಾನ್ಯ ದೋಷ ಕಂಡಾಗ ಏನು ಮಾಡಬೇಕೆಂದು ಒಡೆಯನೇ ಹೇಳಬಹುದು: ಮುಂದುವರಿ, ಓದಲಷ್ಟೇ ಬಿಡು, ಇಲ್ಲವೇ ಯಂತ್ರವನ್ನೇ ನಿಲ್ಲಿಸು. ಜರ್ನಲ್ ಕೈಕೊಟ್ಟಾಗ ಮಾತ್ರ ‘ಮುಂದುವರಿ’ ಎನ್ನುವ ಸಲಿಗೆ ಇಲ್ಲ.

ನನ್ನ ಉತ್ತರಕ್ಕೆ ವಾಡಿ ಜಂಕ್ಷನ್ನಿಗೆ ಹೋಗಬೇಕು. ಮುಂಬೈ–ಚೆನ್ನೈ ಮಾರ್ಗದಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿನ ಕಡೆಗೆ ಹಳಿ ಕವಲೊಡೆಯುವುದು ಅಲ್ಲಿ. ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆದ ದಾರಿ ಅದು. ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಸ್ಟೇಶನ್ನುಗಳಲ್ಲಿ ತೋಳು ಎತ್ತಿ ಇಳಿಸುವ ಕೈಮರಗಳಿದ್ದವು. ತೋಳು ಅಡ್ಡವಾಗಿ ನೆಟ್ಟಗಿದ್ದರೆ ‘ನಿಲ್ಲು’, ಕೆಳಗೆ ಬಾಗಿದ್ದರೆ ‘ಹೋಗು’. ತೋಳನ್ನು ಬಾಗಿಸಲು ಹಳಿಯುದ್ದಕ್ಕೂ ಓಡುವ ತಂತಿಯನ್ನು ಎಳೆದು ಹಿಡಿಯಬೇಕು. ತಂತಿ ತುಂಡಾದರೆ? ಪ್ರತಿಭಾರದ ಎಳೆತಕ್ಕೆ ತೋಳು ತಾನಾಗಿ ‘ನಿಲ್ಲು’ ಎಂಬಲ್ಲಿಗೆ ಮರಳುತ್ತದೆ. ಅದನ್ನು ಉಲ್ಟಾ ಕಟ್ಟಿದ್ದರೆ, ತಂತಿ ತುಂಡಾದಾಗಲೆಲ್ಲ ಗಾಡಿಗೆ ‘ಹೋಗು’ ಎಂಬ ಸನ್ನೆ ಸಿಗುತ್ತಿತ್ತು. ಗಾಡಿ ತಡವಾದರೆ ಪ್ರಯಾಣಿಕರು ಬೈಯುತ್ತಾರೆ, ನಿಜ. ಮೂರು ಸಲ ಕಂಪ್ಯೂಟರನ್ನು ಬಂದ್ ಮಾಡಿ ಚಾಲೂ ಮಾಡಿಸಿದ ನಾನು ಆ ಬೈಯುವ ಪ್ರಯಾಣಿಕನಷ್ಟೇ ಅಲ್ಲ, ಕೆಳಗಿಳಿದು ಕೈಮರದ ತೋಳನ್ನು ಕೈಯಿಂದ ಬಾಗಿಸಿದವನು!

ನಿಮ್ಮ ಮನೆಯ ಮಾತು

ಕಂಪ್ಯೂಟರೇ ಇಲ್ಲದ ಮನೆಯವರು ಇದು ತಮಗಲ್ಲ ಎನ್ನದಿರಲಿ. ನಿಮ್ಮ ಅಂಗೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ. ಬಹಳಷ್ಟು ಫೋನುಗಳಲ್ಲಿ ಇಎಕ್ಸ್‌ಟಿ-4 ಅಥವಾ ಎಫ್‌2ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇರುತ್ತದೆ. ರೈತರ ಪಹಣಿಗಳೂ ಈಗ ಕಂಪ್ಯೂಟರಿನಲ್ಲೇ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಾಗದದಿಂದ ಯಂತ್ರಕ್ಕೆ ಏರಿದವು. ಅಂದಹಾಗೆ, ಹೊಲದ ಹಕ್ಕು ಬದಲಾಗುವಾಗ ಮೊದಲು ಮ್ಯುಟೇಶನ್ ದಾಖಲಾಗಿ, ತಕರಾರಿನ ಅವಧಿ ಕಳೆದು, ಮಂಜೂರಾದ ಮೇಲಷ್ಟೇ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಚಿತ್ತಾಪುರದ ತಹಶೀಲ್ ಕಚೇರಿಯ ಮುಂದೆ ಕಾದು ಕುಳಿತ ರೈತನಿಗೆ ಜರ್ನಲ್ ಎಂದರೇನೆಂದು ಬೇರೆ ಪಾಠ ಬೇಕಿಲ್ಲ.

ಇನ್ನೊಂದು ವಿಷಯ ವಿದ್ಯಾರ್ಥಿಗಳು ತಿಳಿದಿರಬೇಕು. ಸಾಮಾನ್ಯ ಬಳಕೆಯಲ್ಲಿ ಜರ್ನಲ್ ಕಾಯುವುದು ಕಡತದ ಹೆಸರು, ಜಾತಕ, ಕೋಣೆಗಳ ನಕ್ಷೆಯನ್ನು. ಒಳಗಿನ ಬರಹವನ್ನಲ್ಲ. ಬರಹ ಬರೆಯಲು ವಿಫಲವಾದರೆ ದಿನಚರಿಯಲ್ಲಿ ಒಂದು ಸಾಲು ಬಿದ್ದೀತು, ಅಷ್ಟೇ. ಆಗಲೂ ಕೆಲಸ ನಿಲ್ಲಿಸು ಎಂದು ಹೇಳುವ ಆಯ್ಕೆಯೊಂದನ್ನು 2008ರಲ್ಲೇ ಸೇರಿಸಲಾಯಿತು. ಬೇಕೆಂದವರು ಕೇಳಿ ಹಾಕಿಸಿಕೊಳ್ಳಬೇಕು. ಇದು ಸಾಲದು ಎಂಬುದು ನನ್ನ ಅನಿಸಿಕೆ. ಆದರೆ ಪೂರ್ತಿ ಬರಹವನ್ನೂ ಮೊದಲು ಪಾಟಿಯ ಮೇಲೆ ಬರೆಯುವುದೆಂದರೆ ಪ್ರತಿಯೊಂದನ್ನೂ ಎರಡು ಸಲ ಬರೆದಂತೆ. ವೇಗ ಕುಗ್ಗುತ್ತದೆ.

ಆದ್ದರಿಂದ ಯಂತ್ರ ‘ಬರೆಯಲಾಗದು’ ಎಂದಾಗ ಮೊದಲು ಅದರ ಮಾತನ್ನು ಪೂರ್ತಿ ಓದಿ. ಅರ್ಥವಾಗದಿದ್ದರೆ ಫೋನಿನಲ್ಲಿ ಆ ಪರದೆಯ ಚಿತ್ರ ತೆಗೆದಿಡಿ. ಓದಲು ಬರುತ್ತಿರುವಾಗಲೇ ಮುಖ್ಯವಾದದ್ದನ್ನು ಪೆನ್‌ಡ್ರೈವಿಗೋ ಇನ್ನೊಂದು ಯಂತ್ರಕ್ಕೋ ನಕಲು ಮಾಡಿಕೊಳ್ಳಿ. ಬಂದ್ ಮಾಡಿ ಚಾಲೂ ಮಾಡುವುದು ಅದಾದ ಮೇಲೆ. ನಮ್ಮ ಶಾಲೆಯಲ್ಲಿ ಆ ಮೊದಲ ದಿನ ಹತ್ತು ನಿಮಿಷ ಹೀಗೆ ಮಾಡಿದ್ದರೆ ಒಂದು ಅಂಕವೂ ಹೋಗುತ್ತಿರಲಿಲ್ಲ.

ಒಮ್ಮೆ ಚಿಂಚೋಳಿಯಲ್ಲಿ ಮಕ್ಕಳೆದುರು ಇದನ್ನೆಲ್ಲ ಹೇಳಿ ಮುಗಿಸಿ, ಸತ್ತ ಆ ಡಿಸ್ಕನ್ನು ಬಿಚ್ಚಿ ತೋರಿಸುತ್ತಿದ್ದೆ. ಕನ್ನಡಿಯಂತೆ ಹೊಳೆಯುವ ತಟ್ಟೆಯಲ್ಲಿ ಒಬ್ಬೊಬ್ಬರೇ ಮುಖ ನೋಡಿಕೊಳ್ಳುತ್ತಿದ್ದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಖಾತೆ ಕೆಟ್ಟರ ಪಾಟಿ ಅದ. ಪಾಟಿ ಮ್ಯಾಲಿಂದೇ ತಪ್ಪಾಗಿ, ಡಿಸ್ಕು ‘ಎಲ್ಲಾ ಸರಿ’ ಅಂತ ಹೇಳಿದ್ರ?”

ನಾನು ಒಂದು ಕ್ಷಣ ಸುಮ್ಮನಾದೆ. ಏಕೆಂದರೆ ಅವನು ಕೇಳಿದ್ದು ವಿಸ್ಕಾನ್ಸಿನ್ನಿನವರು ಕೇಳಿದ ಪ್ರಶ್ನೆಯನ್ನೇ. ಅವರು ಸೂಚಿಸಿದ ದಾರಿ ಅಂಕಪಟ್ಟಿಯ ಕೆಳಗೆ ಬರೆಯುವ ಮೊತ್ತದಂಥದು. ನಡುವೆ ಯಾವುದಾದರೂ ಅಂಕ ಬದಲಾದರೆ ಮೊತ್ತ ತಾಳೆಯಾಗುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ. ಇಎಕ್ಸ್‌ಟಿ-4ರ ಜರ್ನಲಿಗೆ ಇಂಥ ತಾಳೆಮೊತ್ತದ ಸೌಲಭ್ಯ ಬಂತು. 2012ರಲ್ಲಿ ಜಾತಕ, ನಕ್ಷೆಗಳಿಗೂ ಬಂತು.

“ತಪ್ಪು ಅದ ಅಂತ ಗೊತ್ತಾಗ್ತದ. ಸರಿ ಯಾವ್ದು ಅಂತ ಹ್ಯಾಂಗ ಗೊತ್ತಾಗ್ತದ್ರಿ?” ಅವನು ಇನ್ನೂ ಕುಳಿತಿರಲಿಲ್ಲ.

ಮೊತ್ತದಿಂದ ಗೊತ್ತಾಗುವುದಿಲ್ಲ, ಅದಕ್ಕೆ ಇನ್ನೊಂದು ಕಡೆ ಇನ್ನೊಂದು ಪ್ರತಿ ಇರಬೇಕು ಎಂದೆ. ಚೀಲದಿಂದ ನನ್ನ ಕಾಗದದ ರಿಜಿಸ್ಟರನ್ನು ತೆಗೆದು ಮೇಜಿನ ಮೇಲೆ, ಆ ಡಿಸ್ಕಿನ ಪಕ್ಕದಲ್ಲಿ ಇಟ್ಟೆ.